ಪೇಟೆಯಲ್ಲಿ ಹೆಂಗಸರ ಶೌಚಾಲಯ ಎಲ್ಲಿರಬೇಕು?



ಇವತ್ತು ನಾವು ಒಂದು ವಿಷಯ ಮಾತಾಡೋಣ. ಇದು ಎಲ್ಲರಿಗೂ ಬೇಕಾದ ವಿಷಯ. ಆದರೆ ಬಾಯಿ ಬಿಟ್ಟು ಹೇಳೋಕೆ ನಾವು ನಾಚಿಕೆ ಪಡ್ತೀವಿ. ಅದು ಪೇಟೆಯಲ್ಲಿ ಹೆಂಗಸರ ಶೌಚಾಲಯ.

ದೊಡ್ಡಬಳ್ಳಾಪುರವನ್ನೇ ನೋಡಿ. ಇದು ಮಗ್ಗದ ಊರು, ತಾಲ್ಲೂಕಿನ ಊರು. ಸುತ್ತಲ ಹಳ್ಳಿಗಳಿಂದ ದಿನವೂ ಹೆಂಗಸರು ಬರ್ತಾರೆ. ಒಬ್ಬರು ಪಹಣಿಗೆ ಅಂತ ತಾಲ್ಲೂಕು ಕಚೇರಿಗೆ ಬರ್ತಾರೆ. ಒಬ್ಬರು ಮಗು ಎತ್ತಿಕೊಂಡು ಆಸ್ಪತ್ರೆಗೆ ಬರ್ತಾರೆ. ಇನ್ನೊಬ್ಬರು ಸೊಪ್ಪು, ಹೂವು ಮಾರೋಕೆ ಬರ್ತಾರೆ. ಬೆಳಿಗ್ಗೆ ಬಸ್ಸು ಹತ್ತಿದರೆ ಮನೆ ಸೇರೋದು ಸಂಜೆ. ದೇವನಹಳ್ಳಿ, ಹೊಸಕೋಟೆ, ನೆಲಮಂಗಲದಲ್ಲೂ ಹೀಗೇ.

ಅಷ್ಟು ಹೊತ್ತು ಒಂದಕ್ಕೆ ಹೋಗದೆ ಇರೋದು ಹೇಗೆ? ನಾವೊಂದು ಉಪಾಯ ಮಾಡ್ತೀವಿ. ಬೆಳಿಗ್ಗೆಯಿಂದ ನೀರೇ ಕುಡಿಯೋದಿಲ್ಲ. ಬಂದರೂ ತಡೆದುಕೊಳ್ತೀವಿ. ಇದರಿಂದ ಉರಿಮೂತ್ರ ಬರಬಹುದು. ಸೋಂಕು ಮೂತ್ರಪಿಂಡಕ್ಕೂ ಏರಬಹುದು. ಬಸುರಿಯರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ ತಡೆಯೋಕೂ ಆಗೋದಿಲ್ಲ. ಮುಟ್ಟಿನ ದಿನಗಳಲ್ಲಿ ಬಟ್ಟೆ ಬದಲಿಸೋಕೆ ಜಾಗ ಇಲ್ಲ. ಇದು ನಾಚಿಕೆಯ ಮಾತಲ್ಲ. ಆರೋಗ್ಯದ ಮಾತು.

ಶೌಚಾಲಯ ಕಟ್ಟಿದರೆ ಸಾಕೇ? ಸಾಲದು. ಎಲ್ಲಿ ಕಟ್ಟಿದರು ಅನ್ನೋದೇ ಮುಖ್ಯ.

ಶೌಚಾಲಯ ಬೇಕು ಅಂತ ಎಲ್ಲರೂ ಹೇಳ್ತಾರೆ. ನಮ್ಮ ಅಂಗಡಿ ಪಕ್ಕ ಬೇಡ ಅಂತಾನೂ ಹೇಳ್ತಾರೆ. ಕೊನೆಗೆ ಯಾರೂ ಬೇಡ ಅನ್ನದ ಮೂಲೆಯಲ್ಲಿ ಕಟ್ಟುತ್ತಾರೆ. ಅಲ್ಲಿ ದೀಪ ಇಲ್ಲ. ಜನ ಇಲ್ಲ. ಹೆಂಗಸರು ಹೆದರಿ ಹೋಗೋದಿಲ್ಲ. ಸ್ವಲ್ಪ ದಿನಕ್ಕೆ ಬೀಗ ಬೀಳುತ್ತೆ. ಆಮೇಲೆ, "ಹೆಂಗಸರು ಬರೋದೇ ಇಲ್ಲ, ಯಾಕೆ ಕಟ್ಟಬೇಕು?" ಅಂತಾರೆ. ನಮಗೆ ಶೌಚಾಲಯ ಬೇಡ ಅಂತಲ್ಲ. ಆ ಜಾಗ ಸರಿ ಇಲ್ಲ, ಅಷ್ಟೆ.

ಹಾಗಾದರೆ ಒಳ್ಳೆ ಜಾಗ ಯಾವುದು?

1. ಹೆಂಗಸರು ಕಾಯುವ ಕಡೆ ಇರಬೇಕು. ಬಸ್ ನಿಲ್ದಾಣ, ಮಾರುಕಟ್ಟೆ, ಆಸ್ಪತ್ರೆ, ಕಚೇರಿಗಳ ಹತ್ತಿರ. ಸೊಪ್ಪಿನ ಬುಟ್ಟಿ ಬಿಟ್ಟು ಯಾರೂ ದೂರ ಹೋಗೋಕಾಗಲ್ಲ.

2. ಜನ ಓಡಾಡುವ ಕಡೆ ಇರಬೇಕು. ದಾರಿಯಲ್ಲಿ ದೀಪ ಬೇಕು. ಆದರೆ ಬಾಗಿಲು ರಸ್ತೆಗೆ ಕಾಣಬಾರದು. ಮುಂದೆ ಮರೆಗೋಡೆ ಇರಲಿ. ಗಂಡಸರ ದಾರಿ ಬೇರೆ, ಹೆಂಗಸರ ದಾರಿ ಬೇರೆ ಇರಲಿ. ಮದ್ಯದ ಅಂಗಡಿ ಪಕ್ಕ ಬೇಡವೇ ಬೇಡ.

3. ನೀರು ಬರುವ ಕಡೆ ಇರಬೇಕು. ನೀರಿಲ್ಲದ ಶೌಚಾಲಯ ನಾಲ್ಕೇ ದಿನಕ್ಕೆ ನಾರುತ್ತೆ.

4. ಹೊಲಸು ಎಲ್ಲಿಗೆ ಹೋಗುತ್ತೆ ಅಂತ ನೋಡಬೇಕು. ಒಳಚರಂಡಿ ಇದ್ದರೆ ಒಳ್ಳೇದು. ಇಲ್ಲದಿದ್ದರೆ ಗುಂಡಿ ಬೇಕು. ಗುಂಡಿ ಬಾವಿಯ ಹತ್ತಿರ ಇರಬಾರದು. ದೊಡ್ಡಬಳ್ಳಾಪುರದ ಪಕ್ಕದಲ್ಲೇ ನಾಗರಕೆರೆ ಇದೆ. ಹೊಲಸು ಕೆರೆಗೆ ಹರಿಯಬಾರದು. ಗುಂಡಿ ತುಂಬಿದರೆ ಯಂತ್ರದ ಗಾಡಿ ಅಲ್ಲಿಗೆ ಬರೋ ಹಾಗಿರಬೇಕು. ಮನುಷ್ಯರನ್ನು ಗುಂಡಿಗೆ ಇಳಿಸೋದು 2013ರ ಕಾನೂನಿನ ಪ್ರಕಾರ ಅಪರಾಧ.

5. ಮುದುಕಿಯರು, ಕಾಲು ಆಗದವರು ಹೋಗೋ ಹಾಗಿರಬೇಕು. ಎತ್ತರದ ಮೆಟ್ಟಿಲು ಬೇಡ. ಇಳಿಜಾರು ದಾರಿ ಇರಲಿ.

ಅಂಗಡಿಯವರ ಮಾತಿನಲ್ಲೂ ನ್ಯಾಯ ಇದೆ. ನಾರುವ ಶೌಚಾಲಯ ಪಕ್ಕದಲ್ಲಿದ್ದರೆ ಯಾರು ವ್ಯಾಪಾರಕ್ಕೆ ಬರ್ತಾರೆ? ಅದಕ್ಕೇ ದಿನವೂ ತೊಳೆಯೋರು, ನೋಡಿಕೊಳ್ಳೋರು ಬೇಕು. ಅವರಿಗೆ ಸರಿಯಾದ ಸಂಬಳ ಬೇಕು. ಇದನ್ನು ಮೊದಲೇ ಗಟ್ಟಿ ಮಾಡಿಕೊಂಡರೆ ಅಂಗಡಿಯವರೂ ಒಪ್ಪಬಹುದು.

ಎಷ್ಟು ಕಟ್ಟಬೇಕು ಅನ್ನೋದೂ ಮುಖ್ಯ. 2014ರಲ್ಲಿ ಸ್ವಚ್ಛ ಭಾರತ ಯೋಜನೆ ಶುರುವಾಯಿತು. ಮನೆಯಲ್ಲಿ ಶೌಚಾಲಯ ಇಲ್ಲದವರಿಗೆ ಸಮುದಾಯ ಶೌಚಾಲಯ ಕಟ್ಟೋಕೆ ಅದರಲ್ಲಿ ಒಂದು ಲೆಕ್ಕ ಇದೆ. 35 ಗಂಡಸರಿಗೆ ಒಂದು, 25 ಹೆಂಗಸರಿಗೆ ಒಂದು. ನಮಗೆ ಹೆಚ್ಚು ಬೇಕು ಅಂತ ಸರ್ಕಾರವೇ ಹೇಳಿದೆ. ಪೇಟೆಯಲ್ಲೂ ನಾವು ಇದನ್ನು ಕೇಳಬೇಕು.

ಕೇಳಿದರೆ ಆಗುತ್ತಾ? ಮುಂಬಯಿಯ ಹೆಂಗಸರು ಕೇಳಿದರು. ಅಲ್ಲಿ ಮೂತ್ರಕ್ಕೆ ಹೋಗಲು ಗಂಡಸರು ಕಾಸು ಕೊಡಬೇಕಿರಲಿಲ್ಲ. ಹೆಂಗಸರು ಕೊಡಬೇಕಿತ್ತು. 2011ರಲ್ಲಿ ಹಲವು ಸಂಘ-ಸಂಸ್ಥೆಗಳು ಒಟ್ಟಾದವು. ಶೌಚಾಲಯಗಳನ್ನು ಸುತ್ತಿ ನೋಡಿ, ಕಂಡದ್ದನ್ನು ಬರೆದುಕೊಂಡವು. ಜನರ ಸಹಿ ಸೇರಿಸಿದವು. ಆಮೇಲೆ ನಗರಪಾಲಿಕೆಯವರು ಅವರ ಜೊತೆ ಕೂತು ಮಾತಾಡಬೇಕಾಯಿತು.

ನಾವೂ ಹಾಗೇ ಮಾಡೋಣ. ಹತ್ತು ಜನ ಸೇರಿ ಪೇಟೆ ಸುತ್ತೋಣ. ಎಲ್ಲಿ ಕಾಯ್ತೀವಿ, ಎಲ್ಲಿ ಭಯ ಆಗುತ್ತೆ, ಬರೆದುಕೊಳ್ಳೋಣ. ಸಂಜೆ ಕತ್ತಲಾದ ಮೇಲೂ ಒಮ್ಮೆ ಸುತ್ತೋಣ. ಹಗಲು ಚೆನ್ನಾಗಿ ಕಂಡ ಜಾಗ ರಾತ್ರಿ ಬೇರೆ ಥರ ಕಾಣುತ್ತೆ. ಆಮೇಲೆ ಅರ್ಜಿ ಬರೆಯೋಣ. ನಗರಸಭೆ ಆದರೆ ಪೌರಾಯುಕ್ತರಿಗೆ, ಪುರಸಭೆ ಆದರೆ ಮುಖ್ಯಾಧಿಕಾರಿಗೆ ಕೊಡಬೇಕು. ವಾರ್ಡಿನ ಸದಸ್ಯರಿಗೂ ಒಂದು ಪ್ರತಿ ಕೊಡಿ. 1992ರ ಸಂವಿಧಾನ ತಿದ್ದುಪಡಿಯಿಂದ ಈ ಸಭೆಗಳಲ್ಲಿ ಮೂರರಲ್ಲಿ ಒಂದು ಪಾಲಾದರೂ ಸ್ಥಾನ ಹೆಂಗಸರಿಗೆ ಇದೆ. ಆ ಸದಸ್ಯೆಯರಿಗೆ ನಮ್ಮ ಕಷ್ಟ ತಿಳಿಯುತ್ತೆ.

ಅರ್ಜಿ ಹೀಗಿರಲಿ:

"ಮಾನ್ಯರೇ, ನಾವು ಪೇಟೆಗೆ ಬಂದು ಹೋಗುವ ಹೆಂಗಸರು. ನಮಗೆ ಶೌಚಾಲಯ ಬೇಕು. ನಾವು ಸುತ್ತಿ ನೋಡಿದ ಜಾಗಗಳನ್ನು ಕೆಳಗೆ ಬರೆದಿದ್ದೇವೆ. ಜಾಗ ಗೊತ್ತು ಮಾಡುವ ಮೊದಲು ನಮ್ಮನ್ನು ಕರೆದು ಕೇಳಿ."

ಕೆಳಗೆ ದಿನಾಂಕ ಹಾಕಿ. ಎಲ್ಲರೂ ಸಹಿ ಮಾಡಿ. ಅರ್ಜಿ ಕೊಟ್ಟದ್ದಕ್ಕೆ ರಸೀತಿ ಕೇಳಿ ಪಡೆಯಿರಿ. ಅಕ್ಷರ ಕಲಿತದ್ದು ಇಂಥ ಕೆಲಸಕ್ಕೇ ಅಲ್ಲವೇ?

ಮಾತಾಡಿ, ಬರೆಯಿರಿ:

ನಿಮ್ಮ ಪೇಟೆಯಲ್ಲಿ ನೀವು ಹೆಚ್ಚು ಹೊತ್ತು ಕಾಯುವ ಜಾಗ ಯಾವುದು?
ಅಲ್ಲಿಂದ ಶೌಚಾಲಯಕ್ಕೆ ಎಷ್ಟು ಹೆಜ್ಜೆ?
ಸಂಜೆ 7 ಗಂಟೆಗೆ ನೀವೊಬ್ಬರೇ ಅಲ್ಲಿಗೆ ಹೋಗ್ತೀರಾ?