ಸವಳುನೀರಿನ ಮೀನುತೊಟ್ಟಿ



ಚನ್ನಗಿರಿ ತಾಲ್ಲೂಕಿನ ಉಬ್ರಾಣಿಯಂಥ ಊರಿನಲ್ಲಿದ್ದುಕೊಂಡು ಉಪ್ಪುನೀರಿನ ಮೀನನ್ನು ಸಾಕುವೆವೆಂದರೆ ಕೇಳಿದವರು ನಗುವುದು ಸಹಜ. ನಮ್ಮ ಸುತ್ತಲಿರುವುದು ಕಾಡು, ಅಡಿಕೆಯ ತೋಟ, ಕೆರೆಯ ಸಿಹಿನೀರು. ಕಡಲಾದರೋ ಘಟ್ಟದ ಆಚೆಗಿದೆ. ಆದರೂ ಈ ಕಾರ್ಯವು ಅಸಾಧ್ಯವಲ್ಲವೆಂದು ನಾವು ಅನುಭವದಿಂದ ಅರಿತಿದ್ದೇವೆ; ಆ ಅರಿವಿಗೆ ತೆತ್ತ ಬೆಲೆಯನ್ನೂ ಮುಂದೆ ಹೇಳುವೆವು.

ನದಿಯು ಕಡಲನ್ನು ಸೇರುವ ಅಳಿವೆಯಲ್ಲಿ ಸಿಹಿನೀರೂ ಉಪ್ಪುನೀರೂ ಬೆರೆತು ಸವಳಾಗುತ್ತದೆ. ಕುಮಟೆಯ ಬಳಿಯ ಅಘನಾಶಿನಿಯ ಅಳಿವೆ ಇದಕ್ಕೆ ಒಳ್ಳೆಯ ನಿದರ್ಶನ. ಅಲ್ಲಿಯ ಗಜನಿ ಗದ್ದೆಗಳಲ್ಲಿ ಬೆಳೆಯುವ ಕಗ್ಗವೆಂಬ ಭತ್ತವೂ ಉಪ್ಪನ್ನು ತಾಳಬಲ್ಲುದು. ಮಳೆಗಾಲದಲ್ಲಿ ಅಳಿವೆಯ ನೀರು ಸಪ್ಪೆಯಾಗಿ, ಬೇಸಗೆಯಲ್ಲಿ ಉಪ್ಪೇರುತ್ತದೆ.

ಇಂಥ ಹಿನ್ನೀರುಗಳಲ್ಲಿ ವಾಸಿಸುವ ಕಿತ್ತಳೆಬಣ್ಣದ ಕ್ರೋಮೈಡೆಂಬ ಪುಟ್ಟ ಮೀನು ಮನೆಯ ತೊಟ್ಟಿಗೆ ಯೋಗ್ಯವಾದುದು. ತಾಯ್ತಂದೆಗಳೆರಡೂ ಮೊಟ್ಟೆಗಳನ್ನು ಕಾಯುತ್ತವೆ. ಮರಿಗಳು ಅವುಗಳ ಮೈಯ ಲೋಳೆಯನ್ನೂ ತಿನ್ನುತ್ತವೆ. ಒಂದು ಜೋಡಿಗೆ 60 ಲೀಟರು ನೀರು ಹಿಡಿಯುವ ಗಾಜಿನ ತೊಟ್ಟಿ ಸಾಕು.

ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಮು ಲವಣವಿರುತ್ತದೆ. ನಮಗೆ 10 ಗ್ರಾಮು ಸಾಕು. ಎಂದರೆ ತೊಟ್ಟಿಗೆಲ್ಲ 600 ಗ್ರಾಮು. ಅಡಿಗೆಯ ಉಪ್ಪು ಇದಕ್ಕೆ ಸಲ್ಲದು. ಅದು ಬಹುತೇಕ ಸೋಡಿಯಂ ಕ್ಲೋರೈಡೇ ಹೊರತು, ಕಡಲಿನ ಮೆಗ್ನೀಸಿಯಂ, ಕ್ಯಾಲ್ಸಿಯಂಗಳು ಅದರಲ್ಲಿ ತಕ್ಕಷ್ಟಿಲ್ಲ. ಮೀನುಸಾಕಣೆಗೆಂದೇ ಮಾರುವ ಸಮುದ್ರಲವಣವನ್ನು ಬೇರೆ ಪಾತ್ರೆಯಲ್ಲಿ ಕರಗಿಸಿಯೇ ತೊಟ್ಟಿಗೆ ಹೊಯ್ಯಬೇಕು. ನಲ್ಲಿಯ ನೀರಾದರೆ ಅದರ ಕ್ಲೋರಿನ್ನನ್ನು ಮೊದಲೇ ಹೋಗಲಾಡಿಸಬೇಕು.

ಒಡನೆಯೇ ಮೀನನ್ನು ಬಿಡಬಾರದು. ಅದರ ಕಲ್ಮಶದಿಂದ ಹುಟ್ಟುವ ಅಮೋನಿಯಾ ವಿಷವನ್ನು ನೈಟ್ರೈಟಾಗಿಯೂ, ಅದನ್ನು ನೈಟ್ರೇಟಾಗಿಯೂ ಮಾರ್ಪಡಿಸುವ ಸೂಕ್ಷ್ಮಜೀವಿಗಳು ಮರಳಿನಲ್ಲಿಯೂ ಶೋಧಕದಲ್ಲಿಯೂ ನೆಲೆಸಲು ನಾಲ್ಕಾರು ವಾರಗಳು ಬೇಕು. ಅಲ್ಲಿಯವರೆಗೆ ಅವುಗಳಿಗಾಗಿ ಚಿಟಿಕೆ ಆಹಾರವನ್ನು ಹಾಕುತ್ತಾ ಕಾಯಬೇಕು.

ಇನ್ನು ನಮ್ಮ ತಪ್ಪಿನ ಮಾತು. ಬೇಸಗೆಯ ಬಿಸಿಲಿಗೆ ತೊಟ್ಟಿಯ ನೀರು ದಿನೇದಿನೇ ಇಳಿಯುತ್ತಿತ್ತು. ನಾವು ಅದನ್ನು ಉಪ್ಪುನೀರಿನಿಂದಲೇ ತುಂಬುತ್ತಾ ಬಂದೆವು. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲಿಯೇ ಉಳಿಯುವುದೆಂಬುದು ಶಾಲೆಯ ಮಕ್ಕಳಿಗೂ ಗೊತ್ತು, ನಮಗೆ ಹೊಳೆಯಲಿಲ್ಲ. ಉಪ್ಪು ವಿಪರೀತವಾದುದನ್ನು ಕಂಡು ಗಾಬರಿಗೊಂಡು ಒಮ್ಮೆಗೇ ಅರ್ಧ ತೊಟ್ಟಿ ಸಿಹಿನೀರನ್ನು ಸುರಿದೆವು. ಮರುದಿನ ಬೆಳಿಗ್ಗೆ ಜೋಡಿಯಲ್ಲಿ ಒಂದು ಸತ್ತು ತೇಲುತ್ತಿತ್ತು. ಇನ್ನೊಂದು ಮೂಲೆಯನ್ನು ಬಿಟ್ಟು ಕದಲಲಿಲ್ಲ.

ಅಳಿವೆಯ ಮೀನು ಏರುಪೇರನ್ನು ಸಹಿಸುವುದಿಲ್ಲವೆ ಎಂದು ನೀವು ಕೇಳಬಹುದು. ಸಹಿಸುತ್ತದೆ, ನಿಜ, ಆದರೆ ಅಲ್ಲಿ ತನಗೆ ಒಗ್ಗುವ ನೀರನ್ನು ಅರಸಿ ಈಜಿಹೋಗುವ ಸ್ವಾತಂತ್ರ್ಯ ಅದಕ್ಕುಂಟು. ಗಾಜಿನೊಳಗೆ ಆ ದಾರಿಯಿಲ್ಲ. ಆದುದರಿಂದ ಆವಿಯಾದಷ್ಟನ್ನು ಸಿಹಿನೀರಿನಿಂದಲೇ ತುಂಬಿರಿ. ವಾರಕ್ಕೊಮ್ಮೆ ಐದರಲ್ಲೊಂದು ಪಾಲನ್ನು ತೆಗೆದು, ಅದೇ ಪ್ರಮಾಣದ ಸವಳುನೀರನ್ನು ಹಾಕಿರಿ. ಹೈಡ್ರಾಮೀಟರಿನಿಂದ ಉಪ್ಪನ್ನು ಅಳೆಯುತ್ತಿರಿ. ತೆಗೆದ ನೀರನ್ನು ಅಡಿಕೆಯ ಬುಡಕ್ಕೆ ಚೆಲ್ಲದಿರಿ. ಸಾಕಲು ಬೇಸರವಾಯಿತೆಂದು ಮೀನನ್ನು ಸೂಳೆಕೆರೆಗೆ ಬಿಡುವುದಂತೂ ಕೂಡದು. ಹೊರಗಿನ ಜೀವಿ ಅಲ್ಲಿಯ ಜೀವಿಗಳಿಗೆ ಕಂಟಕವಾದೀತು.

ಅಳಿವೆಯಲ್ಲಿ ಉಬ್ಬರವಿಳಿತವನ್ನು ಚಂದ್ರನು ನಡೆಸುತ್ತಾನೆ. ತೊಟ್ಟಿಯಲ್ಲಿ ಆ ಹೊಣೆ ನಮ್ಮದು. ಅದನ್ನು ನಿಧಾನವಾಗಿ ನಡೆಸಬಲ್ಲವರು ಮಾತ್ರ ಈ ಹವ್ಯಾಸಕ್ಕೆ ಕೈಹಾಕಲಿ.