ಮನೆಯ ನೆಲದಡಿಯ ಮಡಕೆ

ಹಲ್ಲು ಬಾರದ ಕೂಸು ತೀರಿಕೊಂಡರೆ ಸುಡಬಾರದು, ಮಣ್ಣು ಮಾಡಬೇಕು ಎಂಬ ಮಾತನ್ನು ನಮ್ಮ ಹಳ್ಳಿಗಳಲ್ಲಿ ನೀವು ಕೇಳಿರುತ್ತೀರಿ. ಪುಣೆ ಜಿಲ್ಲೆಯ ಇನಾಮಗಾಂವ್‌ನಲ್ಲಿ, ಘೋಡ್ ನದಿಯ ದಂಡೆಯ ಮೇಲೆ, ಸುಮಾರು ಮೂರು ಸಾವಿರ ವರ್ಷಗಳ ಹಿಂದೆ ಬದುಕಿದ್ದ ರೈತರು ಸತ್ತ ಕೂಸನ್ನು ಊರಾಚೆಗೆ ಒಯ್ಯುತ್ತಿರಲಿಲ್ಲ. ತಾವು ವಾಸವಿದ್ದ ಮನೆಯ ನೆಲವನ್ನೇ ಅಗೆದು, ಎರಡು ಮಡಕೆಗಳನ್ನು ಬಾಯಿಗೆ ಬಾಯಿ ಸೇರಿಸಿ ಅಡ್ಡಲಾಗಿ ಮಲಗಿಸಿ, ಕೂಸನ್ನು ಅದರೊಳಗೆ ಇಡುತ್ತಿದ್ದರು.

ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ವಜ್ಞರಾದ ಸಾಂಕಳಿಯಾ, ಧವಳೀಕರ್, ಅನ್ಸಾರಿ ಮತ್ತು ಅವರ ಸಂಗಡಿಗರು 1968ರಿಂದ 1983ರವರೆಗೆ ಅಲ್ಲಿ ಉತ್ಖನನ ನಡೆಸಿದರು. ಕೂಸನ್ನು ಮಡಕೆಯಲ್ಲಿಟ್ಟು ಹೂಳುವ ಈ ಪದ್ಧತಿ ನಮ್ಮ ಕರ್ನಾಟಕಕ್ಕೂ ಹೊಸದಲ್ಲ. ಬಳ್ಳಾರಿ ಜಿಲ್ಲೆಯ ತೆಕ್ಕಲಕೋಟೆಯಲ್ಲಿ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ನವಶಿಲಾಯುಗದ ಕೂಸುಗಳು ಮಡಕೆಗಳಲ್ಲೇ ಸಿಕ್ಕಿವೆ.

ಇಂಥ ಮಡಕೆಯೊಳಗಿನ ಮಣ್ಣನ್ನು ಕುಂಚದಿಂದ, ಬಿದಿರುಕಡ್ಡಿಯಿಂದ ಚೂರುಚೂರೇ ಬಿಡಿಸಬೇಕು. ಎಳೆಗೂಸಿನ ತಲೆಬುರುಡೆ ಇನ್ನೂ ಒಂದಕ್ಕೊಂದು ಬೆಸೆಯದ ತೆಳು ಬಿಲ್ಲೆಗಳು, ಮುಟ್ಟಿದರೆ ಮುರಿಯುತ್ತವೆ. ತೊಡೆಮೂಳೆ ಉಳಿದಿದ್ದರೆ ಅದರ ಉದ್ದದಿಂದ ಕೂಸಿಗೆ ತಿಂಗಳು ತುಂಬಿತ್ತೇ ಎಂದು ಅಂದಾಜಿಸಬಹುದು. ಹುಡುಗನೋ ಹುಡುಗಿಯೋ ಎಂಬುದನ್ನು ಮಾತ್ರ ಈ ವಯಸ್ಸಿನ ಮೂಳೆ ನೋಡಿ ಹೇಳಲಾಗದು. ಮಣ್ಣನ್ನೆಲ್ಲ ಜರಡಿ ಹಿಡಿಯಲೇಬೇಕು, ಏಕೆಂದರೆ ಒಸಡಿನಿಂದ ಹೊರಬಾರದ ಮೊಳಕೆ ಹಲ್ಲುಗಳು ಅದರಲ್ಲಿರುತ್ತವೆ.

ಈ ಹಲ್ಲಿನ ಬಗ್ಗೆ ಸ್ವಲ್ಪ ನಿಲ್ಲೋಣ. ಹಾಲುಹಲ್ಲಿನ ಹೊಳಪುಪದರ ತಾಯಿಯ ಬಸಿರಿನಲ್ಲೇ ದಿನದಿನಕ್ಕೆ ಕಟ್ಟಿಕೊಳ್ಳತೊಡಗುತ್ತದೆ. ಹುಟ್ಟುವ ಗಳಿಗೆಯ ಆಘಾತಕ್ಕೆ ಆ ಬೆಳವಣಿಗೆ ಸ್ವಲ್ಪ ಕಾಲ ತಡವರಿಸುತ್ತದೆ. ಅಲ್ಲೊಂದು ಗೆರೆ ಉಳಿಯುತ್ತದೆ. ಹಲ್ಲನ್ನು ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದಡಿ ಇಟ್ಟಾಗ ಆ ಗೆರೆ ಕಂಡರೆ, ಕೂಸು ಹುಟ್ಟಿದ ಮೇಲೆ ಕೆಲವು ದಿನವಾದರೂ ಉಸಿರಾಡಿತ್ತು ಎಂದರ್ಥ. ಗೆರೆಯೇ ಇಲ್ಲದಿದ್ದರೆ ಅದು ಹುಟ್ಟುವಾಗಲೇ ಅಥವಾ ಹುಟ್ಟಿದ ಕೆಲವೇ ದಿನಗಳಲ್ಲಿ ತೀರಿಕೊಂಡಿರಬಹುದು. ಅಕ್ಷರವಿಲ್ಲದ ಕಾಲದ ಒಂದು ಹೆರಿಗೆಯ ಬಗ್ಗೆ ಇಷ್ಟು ತಿಳಿಯುತ್ತದಲ್ಲ, ನನಗೆ ಪ್ರತಿ ಸಲವೂ ಮೈ ಜುಮ್ಮೆನ್ನುತ್ತದೆ.

ಇನಾಮಗಾಂವ್‌ನಲ್ಲಿ ದೊಡ್ಡವರ ಹೂಳಿಕೆಯ ರೀತಿಯೇ ಬೇರೆ. ಅವರನ್ನು ಉತ್ತರಕ್ಕೆ ತಲೆಯಿಟ್ಟು ಉದ್ದಕ್ಕೆ ಮಲಗಿಸಿ, ಪಾದಗಳನ್ನು ಕತ್ತರಿಸಿಬಿಡುತ್ತಿದ್ದರು. ಸತ್ತವರು ನಡೆದು ಮರಳದಿರಲಿ ಎಂಬ ಭಯ ಇದ್ದಿರಬಹುದು. ಆದರೆ ಅದೇ ಊರಿನ ಒಂದು ದೊಡ್ಡ ಮನೆಯ ಅಂಗಳದಲ್ಲಿ, ನಾಲ್ಕು ಕಾಲಿನ ಮಣ್ಣಿನ ಗುಡಾಣದೊಳಗೆ ಕಾಲು ಮಡಚಿ ಕೂತ ಗಂಡಸೊಬ್ಬ ಸಿಕ್ಕ. ಅವನ ಪಾದಗಳನ್ನು ಯಾರೂ ಮುಟ್ಟಿರಲಿಲ್ಲ. ಊರಿನ ಮುಖ್ಯಸ್ಥನಿರಬೇಕು ಎಂದು ಸಂಶೋಧಕರು ಊಹಿಸಿದ್ದಾರೆ.

ನನ್ನ ಮನಸ್ಸು ಮಾತ್ರ ಕೂಸುಗಳ ಕಡೆಗೇ ಮರಳುತ್ತದೆ. ಪ್ರವರಾ ನದಿಯ ದಂಡೆಯ ನೇವಾಸೆಯಲ್ಲಿ, ಹೆಚ್ಚುಕಡಿಮೆ ಅದೇ ಸಂಸ್ಕೃತಿಯ ಜನರ ನೆಲೆಯಲ್ಲಿ, ಒಂದು ಮಗುವಿನ ಕೊರಳಲ್ಲಿ ತಾಮ್ರದ ಮಣಿಸರವಿತ್ತು. ತಾಮ್ರದ ಕಿಲುಬು ಕಾಪಾಡಿದ್ದರಿಂದ ಮಣಿಗಳ ತೂತಿನೊಳಗೆ ಪೋಣಿಸಿದ ದಾರ ಕೊಳೆಯದೆ ಉಳಿದಿತ್ತು. ಪರೀಕ್ಷಿಸಿದಾಗ ಅದರಲ್ಲಿ ಹತ್ತಿಯೂ ಇತ್ತು, ರೇಷ್ಮೆಯ ಎಳೆಯೂ ಇತ್ತು.