ಹಸಿರಿನೊಳಗಿನ ಬಿಳಿಯ ಗೆರೆ

ಅನುಕರಣೆಯೆಂಬುದು ಕಲೆಯಲ್ಲಿ ಕೀಳುದರ್ಜೆಯದೆಂದು ಮೂವತ್ತು ವರ್ಷ ತರಗತಿಯಲ್ಲಿ ಹೇಳುತ್ತ ಬಂದವನು ನಾನು. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವಂತೆ ಮಾಡಿದವರು ಚೀನದ ಲುಂಗ್‌ಚುವಾನ್ ಊರಿನ ಕುಂಬಾರರು.

ಝೆಜಿಯಾಂಗ್ ಪ್ರಾಂತದ ಆ ಊರಿನ ಗೂಡುಗಳಲ್ಲಿ, ದಕ್ಷಿಣ ಸುಂಗ್ ಅರಸರ ಕಾಲದಲ್ಲಿ (1127–1279), ಹಸಿರು ಮೆರುಗಿನ ಸೆಲಡಾನ್ ಧೂಪದಾನಿಗಳು ಸಿದ್ಧವಾದವು. ಅವುಗಳಲ್ಲಿ ಹಲವಕ್ಕೆ ಮಾದರಿ, ಸುಮಾರು ಎರಡು ಸಾವಿರ ವರ್ಷ ಹಿಂದಿನ ಕಂಚಿನ ಮುಕ್ಕಾಲಿ ಪಾತ್ರೆ. ಅದರಲ್ಲಿ ಅಡುಗೆ ಬೇಯುತ್ತಿತ್ತು. ಇದರಲ್ಲಿ ಸುಗಂಧ ಹೊಗೆಯಾಡಿತು.

ಬಣ್ಣದ ಗುಟ್ಟೆಲ್ಲ ಕಬ್ಬಿಣದ್ದು. ಮೆರುಗಿನಲ್ಲಿ ನೂರಕ್ಕೆ ಒಂದೆರಡು ಪಾಲು ಕಬ್ಬಿಣದ ಅಂಶವಿರಿಸಿ, ಗೂಡಿಗೆ ಗಾಳಿಯನ್ನು ತಡೆದು ಸುಟ್ಟರೆ ಹಸಿರು. ಗಾಳಿ ನುಗ್ಗಿತೋ, ಹಳದಿಗೆ ತಿರುಗುತ್ತದೆ. ಜೇಡ್ ಶಿಲೆಯ ಕಾಂತಿಗಾಗಿ ಮೆರುಗನ್ನು ಪದರ ಪದರವಾಗಿ ಹಚ್ಚಿದರು. ಆದರೆ ದಪ್ಪ ಮೆರುಗು ಬೆಂಕಿಯಲ್ಲಿ ಕರಗಿ ಏಣುಗಳಿಂದ ಜಾರುತ್ತದೆ. ಹೆಗಲಿನಿಂದ ಕಾಲಿನವರೆಗೆ ಇಳಿಯುವ ಏಣಿನ ಮೇಲೆ, ಒಳಗಿನ ಬಿಳಿಯ ಮಣ್ಣು ಗೆರೆಯಾಗಿ ಇಣುಕುತ್ತದೆ. ಚಿತ್ರದಲ್ಲಿ ಮೊದಲು ಕಂಡಾಗ, ಬಳಸಿ ಸವೆದ ಗುರುತೆಂದೇ ಭಾವಿಸಿದ್ದೆ! ಏಣನ್ನು ನುಣ್ಣಗೆ ಸವರಿಬಿಟ್ಟಿದ್ದರೆ ಗೆರೆ ಮೂಡುತ್ತಿರಲಿಲ್ಲ. ಕುಂಬಾರ ಹಾಗೆ ಮಾಡಲಿಲ್ಲ. ಬೇಕೆಂದೇ ಏಣನ್ನು ಎತ್ತರಿಸಿದ. ಕಂಚಿನಲ್ಲಿ ಇಂಥ ಗೆರೆ ಎಲ್ಲಿಂದ ಬರಬೇಕು?

ಇನ್ನು ಕೆಲವು ಧೂಪದಾನಿಗಳ ಭಾರವನ್ನು ಹೊರುವುದು ಅಡಿಯ ನಡುವಣ ಬಳೆ. ಹೊರುವ ಕೆಲಸ ತಪ್ಪಿದ ಮೂರು ಕಾಲುಗಳು ನೆಲವನ್ನು ಮುಟ್ಟದೆ ತುಸು ಮೇಲೆಯೇ ನಿಂತುಬಿಡುತ್ತವೆ. ನೀರಂಚಿನಲ್ಲಿ ಒಂಟಿಕಾಲೆತ್ತಿ ನಿಲ್ಲುವ ಪುಟ್ಟ ಹಕ್ಕಿಯೊಂದರ ಹೆಸರನ್ನೇ ಜಪಾನೀಯರು ಇಂಥದಕ್ಕೆ ಇಟ್ಟರು: ‘ಚಿದೋರಿ’.